ಮಳೆನೀರು ಚರಂಡಿಗೆ ವಿಷ ಸೇರಿದಾಗ: ತೊಳೆಯೋದು ಆಮೇಲೆ, ಹಿಡಿಯೋದು ಮೊದಲು

ರಸ್ತೆಯಲ್ಲಿ ಏನೋ ರಾಸಾಯನಿಕ ಚೆಲ್ಲಿತು ಅಂದರೆ ಸಾಕು, ಯಾರಾದರೂ ಒಬ್ಬರು ನೀರಿನ ಪೈಪು ಹಿಡಿದು ಓಡಿ ಬರುತ್ತಾರೆ. ನೆಲದ ಕಲೆ ಹೋಗುತ್ತದೆ, ವಾಸನೆ ಕಮ್ಮಿಯಾಗುತ್ತದೆ, ನೋಡಿದವರಿಗೆ ಸಮಾಧಾನ. ಆದರೆ ಅಷ್ಟರಲ್ಲಿ ಇಪ್ಪತ್ತು ಅಡಿ ಜಾಗದಲ್ಲಿದ್ದ ತೊಂದರೆ ಎರಡು ಕಿಲೋಮೀಟರ್ ದೂರ ಹೋಗಿರುತ್ತದೆ. ಈ ಕೆಲಸದಲ್ಲಿ ಆಗುವ ದೊಡ್ಡ ತಪ್ಪು ಇದೇ, ಮತ್ತು ಇದು ಒಳ್ಳೆಯ ಮನಸ್ಸಿನಿಂದಲೇ ಆಗುತ್ತದೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಮಳೆನೀರು ಚರಂಡಿ ಬೇರೆ, ಒಳಚರಂಡಿ ಬೇರೆ. ಬಚ್ಚಲು, ಶೌಚಾಲಯದ ನೀರು ಒಳಚರಂಡಿಯಲ್ಲಿ ಸಾಗಿ ಶುದ್ಧೀಕರಣ ಘಟಕ ಸೇರುತ್ತದೆ. ಮಳೆನೀರು ಚರಂಡಿಗೆ ಸಾಮಾನ್ಯವಾಗಿ ಅಂಥ ಘಟಕ ಇರುವುದಿಲ್ಲ. ರಸ್ತೆ ಬದಿಯ ಜಾಲರಿಯೊಳಗೆ ಬಿದ್ದದ್ದು ನೇರವಾಗಿ ಕೆರೆಗೋ ಹೊಳೆಗೋ ಕಡಲಿಗೋ ಹೋಗುತ್ತದೆ. ಕೆಲವು ಹಳೆಯ ನಗರಗಳಲ್ಲಿ ಎರಡೂ ನೀರು ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಅಲ್ಲಿ ವಿಷ ಶುದ್ಧೀಕರಣ ಘಟಕಕ್ಕೆ ಹೋಗಿ, ಕೊಳೆ ತಿನ್ನುವ ಬ್ಯಾಕ್ಟೀರಿಯಾಗಳನ್ನೇ ಕೊಂದುಹಾಕಬಹುದು. ನಿಮ್ಮ ಊರಿನದು ಯಾವ ಬಗೆ ಅನ್ನೋದನ್ನು ಇವತ್ತೇ ತಿಳಿದುಕೊಳ್ಳಿ. ಚೆಲ್ಲಿದ ದಿನ ಕೇಳಿಕೊಂಡು ಓಡಾಡಲು ಸಮಯ ಇರುವುದಿಲ್ಲ.

ನೀವು ಆ ಬೀದಿಯ ನಿವಾಸಿ ಮಾತ್ರ ಆಗಿದ್ದರೆ ಕೆಳಗಿನ ಮೊದಲ ಭಾಗ ನಿಮ್ಮದು. ಉಳಿದದ್ದು ನಗರಸಭೆ ಎಂಜಿನಿಯರ್, ಕಾರ್ಖಾನೆಯ ಸುರಕ್ಷತಾ ಅಧಿಕಾರಿ, ಗುತ್ತಿಗೆದಾರರಂಥವರಿಗೆ. ಆದರೂ ಓದಿಕೊಂಡರೆ, ಅವರು ಸರಿಯಾಗಿ ಮಾಡುತ್ತಿದ್ದಾರಾ ಅಂತ ನಿಮಗೆ ಗೊತ್ತಾಗುತ್ತದೆ.

ಮೊದಲ ಹತ್ತು ನಿಮಿಷ

ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಗೆ ಹೋಗಿ ನಿಲ್ಲಿ. ಗಾಳಿ ನಿಮ್ಮ ಬೆನ್ನಿಗೆ ಬಡಿಯಬೇಕು, ಮುಖಕ್ಕಲ್ಲ. ತಗ್ಗಿನಲ್ಲಿ ನಿಲ್ಲಬೇಡಿ. ಬೀಡಿ, ಸಿಗರೇಟು, ವಾಹನದ ಎಂಜಿನ್ ಎಲ್ಲ ಬಂದ್. ಚರಂಡಿಯ ಮುಚ್ಚಳ ಎತ್ತಿ ಬಗ್ಗಿ ನೋಡಬೇಡಿ. ಅಗ್ನಿಶಾಮಕ ದಳಕ್ಕೂ ಮಾಲಿನ್ಯ ನಿಯಂತ್ರಣ ನೋಡಿಕೊಳ್ಳುವ ಕಚೇರಿಗೂ ಫೋನ್ ಮಾಡಿ. ಚರಂಡಿ ಸೇರುವ ಕೆರೆ ಅಥವಾ ಹೊಳೆಯಿಂದ ಯಾರಾದರೂ ಕುಡಿಯುವ ನೀರು ಎತ್ತುತ್ತಿದ್ದರೆ ಅವರಿಗೂ ಕೂಡಲೇ ಹೇಳಿ. ಪಂಪು ನಿಲ್ಲಿಸಲು ಅವರಿಗೆ ಒಂದು ಗಂಟೆ ಮುಂಚೆ ಸುದ್ದಿ ಸಿಕ್ಕರೂ ಎಷ್ಟೋ ಉಪಕಾರ.

ಇದೆಲ್ಲ ಅತಿಯಾಯ್ತು ಅನ್ನಿಸಿದರೆ ಎರಡು ಘಟನೆ ನೆನಪಿಡಿ. 1981ರ ಫೆಬ್ರುವರಿ 13ರ ಬೆಳಗಿನ ಜಾವ ಅಮೆರಿಕದ ಲೂಯಿವಿಲ್ ನಗರದಲ್ಲಿ ಒಳಚರಂಡಿ ಸ್ಫೋಟಿಸಿ ಮೂರು ಕಿಲೋಮೀಟರ್‌ಗೂ ಹೆಚ್ಚು ಉದ್ದದ ರಸ್ತೆ ಕಿತ್ತುಹೋಯಿತು. ಸೋಯಾ ಎಣ್ಣೆ ತೆಗೆಯುವ ಕಾರ್ಖಾನೆಯಿಂದ ಸೋರಿದ್ದ ಹೆಕ್ಸೇನ್ ಎಂಬ ದ್ರಾವಕದ ಆವಿಗೆ ಒಂದು ಕಾರಿನಿಂದ ಕಿಡಿ ತಾಗಿತ್ತು. ಬೀದಿಗಳು ಖಾಲಿ ಇದ್ದ ಹೊತ್ತಾದ್ದರಿಂದ ಯಾರೂ ಸಾಯಲಿಲ್ಲ.

ಮೆಕ್ಸಿಕೊದ ಗ್ವಾಡಲಹಾರಾದ ಜನರಿಗೆ ಆ ಅದೃಷ್ಟ ಇರಲಿಲ್ಲ. ತುಕ್ಕು ಹಿಡಿದ ಕೊಳವೆಯಿಂದ ಪೆಟ್ರೋಲು ಒಳಚರಂಡಿಗೆ ಇಳಿಯುತ್ತಿತ್ತು. ಮೂರ್ನಾಲ್ಕು ದಿನದಿಂದ ಜನ ವಾಸನೆ ಬರ್ತಿದೆ ಅಂತ ದೂರುತ್ತಲೇ ಇದ್ದರು. ಮೆಟ್ರೊ ರೈಲು ಮಾರ್ಗಕ್ಕೆ ಅಡ್ಡ ಬಂದಿದ್ದ ಚರಂಡಿಯನ್ನು ಯು ಆಕಾರದಲ್ಲಿ ಬಗ್ಗಿಸಿದ್ದರಿಂದ ನೀರು ದಾಟಿ ಹೋಗುತ್ತಿತ್ತು, ಆವಿ ಮಾತ್ರ ಅಲ್ಲೇ ಕೂಡಿಕೊಂಡಿತು. 1992ರ ಏಪ್ರಿಲ್ 22ರಂದು ಸುಮಾರು ಎಂಟು ಕಿಲೋಮೀಟರ್ ಬೀದಿ ಸಿಡಿಯಿತು. 200ಕ್ಕೂ ಹೆಚ್ಚು ಜನ ಸತ್ತರು. ಆದ್ದರಿಂದ ಚರಂಡಿಯಿಂದ ಪೆಟ್ರೋಲಿನ ವಾಸನೆ ಬಂದರೆ ಮೊದಲು ಜನರನ್ನು ಮನೆಯಿಂದ ಹೊರಗೆ ಕರೆತನ್ನಿ. ಸ್ವಚ್ಛತೆಯ ಮಾತು ಆಮೇಲೆ.

ಚೆಲ್ಲಿದ್ದು ಏನು?

ಟ್ಯಾಂಕರ್ ಉರುಳಿದ್ದರೆ ಅದರ ಮೈಮೇಲಿನ ಫಲಕದಲ್ಲಿ ನಾಲ್ಕಂಕಿಯ ವಿಶ್ವಸಂಸ್ಥೆ ಸಂಖ್ಯೆ ಇರುತ್ತದೆ. 1203 ಅಂದರೆ ಪೆಟ್ರೋಲು, 1830 ಅಂದರೆ ಗಂಧಕಾಮ್ಲ, 1230 ಅಂದರೆ ಮೆಥನಾಲ್. ದೂರದಿಂದ ಮೊಬೈಲಿನಲ್ಲಿ ಜೂಮ್ ಮಾಡಿ ಫೋಟೊ ತೆಗೆದರೂ ಸಾಕು. ಕಾರ್ಖಾನೆಯಿಂದ ಬಂದದ್ದಾದರೆ ಆ ರಾಸಾಯನಿಕದ ಸುರಕ್ಷತಾ ಮಾಹಿತಿ ಪತ್ರ ತರಿಸಿಕೊಳ್ಳಿ. ಅದರಲ್ಲಿ 16 ಭಾಗಗಳಿರುತ್ತವೆ. ಎಲ್ಲ ಓದುತ್ತ ಕೂರಬೇಡಿ. 6ನೇ ಭಾಗ ಸೋರಿಕೆಯಾದರೆ ಏನು ಮಾಡಬೇಕು ಅಂತ ಹೇಳುತ್ತದೆ. 9ನೇ ಭಾಗದಲ್ಲಿ ಸಾಂದ್ರತೆ, ನೀರಿನಲ್ಲಿ ಕರಗುತ್ತದಾ ಅನ್ನುವುದು ಇರುತ್ತದೆ. 10ನೇ ಭಾಗದಲ್ಲಿ ಯಾವುದರ ಜೊತೆ ಸೇರಿದರೆ ಅಪಾಯ ಅಂತ ಇರುತ್ತದೆ.

ಈ ಪತ್ರದಿಂದ ನಿಮಗೆ ಬೇಕಾದ ಉತ್ತರ ಒಂದೇ: ಅದು ತೇಲುತ್ತಾ, ಮುಳುಗುತ್ತಾ, ಕರಗುತ್ತಾ? ಮುಂದಿನ ಎಲ್ಲ ಕೆಲಸವೂ ಇದರ ಮೇಲೆ ನಿಂತಿದೆ.

ಡೀಸೆಲ್, ಪೆಟ್ರೋಲು, ಟಾಲ್ಯೂಯೀನ್ ತೇಲುತ್ತವೆ. ಇವು ಕಣ್ಣಿಗೆ ಕಾಣುವುದರಿಂದ ಹಿಡಿಯಲು ಸುಲಭ. ಡ್ರೈ ಕ್ಲೀನಿಂಗ್‌ಗೆ ಬಳಸುವ ಪರ್ಕ್ಲೋರೋಎಥಿಲೀನ್ ನೀರಿಗಿಂತ 1.6 ಪಟ್ಟು ಭಾರ. ಅದು ಸದ್ದಿಲ್ಲದೆ ತಳ ಸೇರಿ, ಕೊಳವೆಯ ತಗ್ಗುಗಳಲ್ಲಿ ನಿಂತು, ಸಂದುಗಳಿಂದ ಮಣ್ಣಿಗೆ ಇಳಿಯುತ್ತದೆ. ಪಾದರಸವಂತೂ 13.6 ಪಟ್ಟು ಭಾರ, ಪ್ರತಿ ಜೋಡಣೆಯ ಗುಳಿಯಲ್ಲೂ ಒಂದೊಂದು ಹನಿ ಕೂತಿರುತ್ತದೆ. ಆಮ್ಲ, ಕ್ಷಾರ, ಮೆಥನಾಲ್, ಸಯನೈಡ್ ಲವಣ, ಕ್ರೋಮಿಯಂ ದ್ರಾವಣ ಇವೆಲ್ಲ ಕರಗುತ್ತವೆ. ಕರಗಿದ್ದನ್ನು ಹೀರುವ ಬಟ್ಟೆಯಿಂದ ನೀರಿನಿಂದ ಬೇರೆ ಮಾಡಲು ಆಗುವುದಿಲ್ಲ, ನೀರನ್ನೇ ಪೂರ್ತಿ ಹಿಡಿಯಬೇಕು. ಎಥನಾಲ್ ಬೆರೆಸಿದ ಪೆಟ್ರೋಲು ಮಾತ್ರ ಎರಡೂ ಕಡೆ ಆಟ ಆಡುತ್ತದೆ: ಪೆಟ್ರೋಲು ಮೇಲೆ ತೇಲುತ್ತದೆ, ಎಥನಾಲ್ ನೀರಿಗೆ ಸೇರಿಹೋಗುತ್ತದೆ.

ಮೂಲ ನಿಲ್ಲಿಸಿ, ದಾರಿ ಕಟ್ಟಿ

ವಾಲ್ವ್ ತಿರುಗಿಸುವುದು, ಉರುಳಿದ ಡ್ರಮ್ಮನ್ನು ನೆಟ್ಟಗೆ ನಿಲ್ಲಿಸುವುದು, ತೂತಿಗೆ ಬೆಣೆ ಹೊಡೆಯುವುದು. ಇಷ್ಟರಿಂದಲೇ ಅರ್ಧ ಕೆಲಸ ಮುಗಿಯಬಹುದು. ಸರಿಯಾದ ಬಟ್ಟೆ, ಕೈಗವಸು, ಮುಖವಾಡ ಇದ್ದವರು ಮಾತ್ರ ಇದಕ್ಕೆ ಕೈ ಹಾಕಬೇಕು.

ಅದೇ ಹೊತ್ತಿಗೆ ಇನ್ನೊಂದು ತಂಡ ಹತ್ತಿರದ ಜಾಲರಿಗಳನ್ನು ಮುಚ್ಚಲಿ. ಇದಕ್ಕೆಂದೇ ರಬ್ಬರಿನಂಥ ಮೆತ್ತನೆಯ ಹಾಸುಗಳು ಸಿಗುತ್ತವೆ. ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ಒದ್ದೆ ಮರಳೋ ಜೇಡಿಮಣ್ಣೋ ಹೇರಿ. ಮರಳು ಚೀಲಗಳನ್ನು ಸುತ್ತ ಇಟ್ಟರೂ ಆದೀತು. ಮರದ ಹೊಟ್ಟು ಎಲ್ಲದಕ್ಕೂ ಆಗುತ್ತೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನೈಟ್ರಿಕ್ ಆಮ್ಲದಂಥ ಉತ್ಕರ್ಷಕಗಳ (ಬೇರೆ ವಸ್ತುವನ್ನು ಉರಿಯುವಂತೆ ಮಾಡುವ ರಾಸಾಯನಿಕಗಳ) ಮೇಲೆ ಹೊಟ್ಟು ಸುರಿದರೆ ಬೆಂಕಿ ಹತ್ತಬಹುದು. ಅಲ್ಲಿ ಒಣ ಮರಳೇ ಸರಿ.

ಈಗ ಚರಂಡಿಯ ನಕ್ಷೆ ತೆಗೆಯಿರಿ. ನೀರು ಬರುವ ಕಡೆಯನ್ನು ಮೇಲ್ಗಡೆ, ಹರಿದು ಹೋಗುವ ಕಡೆಯನ್ನು ಇಳಿಗಡೆ ಅನ್ನೋಣ. ವಿಷ ಎಲ್ಲಿಯವರೆಗೆ ತಲುಪಿದೆ ಅಂತ ಲೆಕ್ಕ ಹಾಕಿ, ಅದಕ್ಕಿಂತ ಮುಂದೆ, ಇಳಿಗಡೆಯ ಒಂದು ಮ್ಯಾನ್‌ಹೋಲ್ ಆರಿಸಿಕೊಂಡು ಅಲ್ಲಿ ತಡೆ ಹಾಕಿ. ಬಹಳ ಹತ್ತಿರ ಹಾಕಲು ಹೋದರೆ ನೀವು ತಲುಪುವ ಹೊತ್ತಿಗೆ ಅದು ದಾಟಿ ಹೋಗಿರುತ್ತದೆ. ಇನ್ನೂ ಕೆಳಗೆ ಎರಡನೇ ತಡೆ ಒಂದಿರಲಿ. ನಕ್ಷೆಯನ್ನು ಪೂರ್ತಿ ನಂಬಬೇಡಿ. ನಾನು ನೋಡಿದ ಒಂದು ಕೆಲಸದಲ್ಲಿ ನಕ್ಷೆಯಲ್ಲಿದ್ದ ಮ್ಯಾನ್‌ಹೋಲಿನ ಮೇಲೆ ಎರಡು ಪದರ ಡಾಂಬರು ಬಿದ್ದಿತ್ತು. ಅದನ್ನು ಹುಡುಕುವುದರಲ್ಲೇ ಅರ್ಧ ದಿನ ಹೋಯ್ತು.

ಕೊಳವೆಗೆ ಗಾಳಿ ತುಂಬುವ ರಬ್ಬರ್ ಬಿರಡೆ ಒಳ್ಳೆಯದು. ಆದರೆ ಯಾವ ರಬ್ಬರ್ ಅಂತ ನೋಡಿಕೊಳ್ಳಿ. ಸಾಮಾನ್ಯ ರಬ್ಬರ್ ಎಣ್ಣೆಯಲ್ಲಿ ಉಬ್ಬಿ ಮೆತ್ತಗಾಗುತ್ತದೆ, ಅಲ್ಲಿ ನೈಟ್ರೈಲ್ ಬೇಕು. ಬಿರಡೆಯ ಹಿಂದೆ ನಿಲ್ಲುವ ನೀರಿನ ಒತ್ತಡವನ್ನು ಜನ ಲಘುವಾಗಿ ತೆಗೆದುಕೊಳ್ಳುತ್ತಾರೆ. 600 ಮಿಲಿಮೀಟರ್ ಕೊಳವೆಗೆ ಬಿರಡೆ ಹಾಕಿ, ಹಿಂದೆ ಎರಡು ಮೀಟರ್ ಎತ್ತರಕ್ಕೆ ನೀರು ನಿಂತರೆ ಬಿರಡೆಯ ಮೇಲೆ ಬೀಳುವ ಬಲ ಸುಮಾರು 550 ಕಿಲೋ ಭಾರಕ್ಕೆ ಸಮ. ಒಂದು ಮೀಟರ್ ವ್ಯಾಸದ ಕೊಳವೆಯಾದರೆ ಒಂದೂವರೆ ಟನ್. ಅದು ಚಿಮ್ಮಿ ಬಂದರೆ ಎದುರಿಗಿದ್ದವರು ಉಳಿಯುವುದಿಲ್ಲ. ಬಿರಡೆಯನ್ನು ಹಗ್ಗದಿಂದ ಬಿಗಿಯಿರಿ, ನೀರಿಲ್ಲದ ಬದಿಯಿಂದ ಆಸರೆ ಕೊಡಿ, ಅದರ ನೇರಕ್ಕೆ ಯಾರನ್ನೂ ನಿಲ್ಲಿಸಬೇಡಿ.

ತೆರೆದ ಕಾಲುವೆಯಾದರೆ ಒಂದು ಹಳೆಯ, ಚೆಂದದ ಉಪಾಯ ಇದೆ. ತೇಲುವ ವಸ್ತುವಾದರೆ ಮಣ್ಣಿನ ಕಟ್ಟೆ ಹಾಕಿ, ಅದರೊಳಗೆ ಓರೆಯಾಗಿ ಪೈಪು ಇಡಿ. ಪೈಪಿನ ಮೇಲ್ಗಡೆಯ ಬಾಯಿ ತಳದ ಹತ್ತಿರ, ಇಳಿಗಡೆಯ ಬಾಯಿ ಸ್ವಲ್ಪ ಎತ್ತರದಲ್ಲಿ ಇರಲಿ. ಅಡಿಯ ನೀರು ಹೊರಗೆ ಹೋಗುತ್ತದೆ, ಎಣ್ಣೆ ಒಳಗೇ ಉಳಿಯುತ್ತದೆ. ಮುಳುಗುವ ವಸ್ತುವಾದರೆ ಇದಕ್ಕೆ ತದ್ವಿರುದ್ಧ. ಗಟ್ಟಿ ಕಟ್ಟೆ ಕಟ್ಟಿ ಮೇಲಿನ ನೀರು ತುಳುಕಿ ಹೋಗಲು ಬಿಡಿ, ವಿಷ ತಳದಲ್ಲಿ ಕೂರುತ್ತದೆ. ಕರಗುವ ವಸ್ತುವಾದರೆ ಎರಡೂ ನಡೆಯುವುದಿಲ್ಲ, ಹರಿವನ್ನೇ ಪೂರ್ತಿ ಕಟ್ಟಬೇಕು.

ಪೂರ್ತಿ ಕಟ್ಟಿದ ಮೇಲೆ ಮೇಲ್ಗಡೆಯಿಂದ ಬರುವ ಒಳ್ಳೆಯ ನೀರು ಏನಾಗಬೇಕು? ಇದನ್ನು ಮರೆತವರೇ ಜಾಸ್ತಿ. ವಿಷ ಇರುವ ಭಾಗಕ್ಕಿಂತ ಮೇಲೆ ಇನ್ನೊಂದು ತಡೆ ಹಾಕಿ, ಆ ಶುದ್ಧ ನೀರನ್ನು ಪಂಪಿನಿಂದ ಎತ್ತಿ ವಿಷದ ಭಾಗವನ್ನು ದಾಟಿಸಿ ಕೆಳಗೆ ಬಿಡಬೇಕು. ಇಲ್ಲದಿದ್ದರೆ ಹಿಡಿದಿಟ್ಟದ್ದೆಲ್ಲ ತುಂಬಿ ರಸ್ತೆಗೆ ಉಕ್ಕುತ್ತದೆ. ಮಳೆ ಮುನ್ಸೂಚನೆಯನ್ನು ಗಂಟೆಗೊಮ್ಮೆ ನೋಡಲು ಒಬ್ಬರನ್ನು ಸುಮ್ನೆ ಅದಕ್ಕೇ ಕೂರಿಸಿ.

ಬೆಂಕಿ ಆರಿಸುವ ನೀರಿಗೂ ಇದೇ ಮಾತು. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರದ ರಾಸಾಯನಿಕ ಗೋದಾಮಿಗೆ ಬೆಂಕಿ ಬಿತ್ತು. ಆರಿಸಲು ಸುರಿದ ನೀರೇ ಕೀಟನಾಶಕಗಳನ್ನು ಹೊತ್ತುಕೊಂಡು ರೈನ್ ನದಿಗೆ ಹೋಯಿತು. ನದಿ ಕೆಂಪಾಯಿತು, ಹಾವುಮೀನುಗಳು ರಾಶಿ ರಾಶಿ ಸತ್ತವು. ಅಗ್ನಿಶಾಮಕ ವಾಹನ ಬಂದ ಕೂಡಲೇ ಜಾಲರಿಗಳು ಮುಚ್ಚಿವೆಯಾ ಅಂತ ಕೇಳುವವರು ಒಬ್ಬರಿರಬೇಕು.

ಸೋಪು ಸುರಿಯಬೇಡಿ. ಸೋಪು ಎಣ್ಣೆಯನ್ನು ಮಾಯ ಮಾಡುವುದಿಲ್ಲ, ಸಣ್ಣ ಸಣ್ಣ ಹನಿ ಮಾಡುತ್ತದೆ ಅಷ್ಟೇ. ಆ ಹನಿಗಳು ಹೀರುವ ಬಟ್ಟೆಯ ಕೆಳಗೆ ನುಸುಳಿ, ಎಣ್ಣೆ ಬೇರ್ಪಡಿಸುವ ತೊಟ್ಟಿಯನ್ನೂ ದಾಟಿ ಮುಂದೆ ಹೋಗುತ್ತವೆ.

ಯಾರೂ ಒಳಗೆ ಇಳಿಯಬಾರದು

ಚರಂಡಿ ಕೆಲಸದಲ್ಲಿ ಸಾವು ಒಬ್ಬರಿಗೇ ನಿಲ್ಲುವುದಿಲ್ಲ. ಮೊದಲು ಇಳಿದವರು ಬಿದ್ದರು ಅಂತ ಇನ್ನೊಬ್ಬರು ಇಳಿಯುತ್ತಾರೆ, ಅವರ ಹಿಂದೆ ಮತ್ತೊಬ್ಬರು. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಷ್ ಇಂಥ ಇಕ್ಕಟ್ಟು ಜಾಗಗಳ ಸಾವುಗಳನ್ನು ನೋಡಿ, ಸತ್ತವರಲ್ಲಿ ಶೇ 60ಕ್ಕೂ ಹೆಚ್ಚು ಮಂದಿ ಕಾಪಾಡಲು ಹೋದವರು ಅಂತ 1986ರಲ್ಲಿ ಹೇಳಿತು. ಹಾಗಾಗಿ ನನ್ನ ನಿಯಮ ಸರಳ. ಯಂತ್ರದಿಂದ ಆಗುವ ಕೆಲಸಕ್ಕೆ ಮನುಷ್ಯ ಇಳಿಯಬಾರದು. ಬಿರಡೆಯನ್ನೂ ಉದ್ದ ಕೋಲಿನಿಂದ ಮೇಲಿನಿಂದಲೇ ಇಡಬಹುದು, ಹೂಳನ್ನು ಮೇಲಿನಿಂದಲೇ ಹೀರಬಹುದು.

ಬೇರೆ ದಾರಿಯೇ ಇಲ್ಲದಿದ್ದರೆ ಮೊದಲು ಗಾಳಿ ಅಳೆಯಿರಿ. ನಾಲ್ಕು ಅನಿಲ ತೋರಿಸುವ ಮೀಟರನ್ನು ಹಗ್ಗದಲ್ಲಿ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ನೋಡಬೇಕು. ಆಮ್ಲಜನಕ ಶೇ 19.5ರಿಂದ 23.5ರ ಒಳಗೆ ಇರಬೇಕು. ಹೊತ್ತಿಕೊಳ್ಳುವ ಆವಿ, ಅದು ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಮಟ್ಟದ ಶೇ 10 ದಾಟಿದ್ದರೆ ಇಳಿಯುವಂತಿಲ್ಲ. ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 10 ಭಾಗ) ತಲುಪಿದರೂ ಇಳಿಯುವಂತಿಲ್ಲ. ಕೊಳೆತ ಮೊಟ್ಟೆಯ ವಾಸನೆ ನಿಂತುಹೋಯ್ತು ಅಂತ ಖುಷಿಪಡಬೇಡಿ, 100 ಪಿಪಿಎಂ ಆಸುಪಾಸಿನಲ್ಲಿ ಈ ಅನಿಲ ಮೂಗನ್ನೇ ಮರಗಟ್ಟಿಸುತ್ತದೆ. ಇನ್ನೊಂದು ಮಾತು: ಈ ಮೀಟರಿಗೆ ನಾಲ್ಕು ಅನಿಲ ಮಾತ್ರ ಗೊತ್ತು. ದ್ರಾವಕಗಳ ಆವಿ ವಿಷಮಟ್ಟದಲ್ಲಿದ್ದರೂ ಅದು ಸುಮ್ಮನೆ ಹಸಿರು ದೀಪ ತೋರಿಸಬಹುದು. ಅದಕ್ಕೆ ಪಿಐಡಿ ಅನ್ನುವ ಬೇರೆ ಮೀಟರ್ ಬೇಕು.

ಇಳಿಯುವವರಿಗೆ ಹೊರಗಿನಿಂದ ಗಾಳಿ ಕೊಡುವ ಉಸಿರಾಟದ ಸಾಧನ, ಮೈಗೆ ಬಿಗಿದ ಪಟ್ಟಿ, ಮೇಲಕ್ಕೆಳೆಯುವ ತ್ರಿಪಾದಿ ಬೇಕು. ಮೇಲೆ ಒಬ್ಬರು ಕಣ್ಣು ತೆಗೆಯದೆ ನಿಂತಿರಬೇಕು. ಇದರಲ್ಲಿ ಒಂದು ಇಲ್ಲದಿದ್ದರೂ ಆ ದಿನ ಕೆಲಸ ಇಲ್ಲ.

ಮಾದರಿ ತೆಗೆಯಿರಿ

ಸ್ವಚ್ಛ ಮಾಡುವ ಮೊದಲೇ ನೀರು ಮತ್ತು ಹೂಳಿನ ಮಾದರಿ ಹಿಡಿದಿಡಿ. ನಾಳೆ ಯಾರು ಖರ್ಚು ಕೊಡಬೇಕು ಅನ್ನುವ ಜಗಳ ಬಂದೇ ಬರುತ್ತದೆ. ಆಗ ಇದೇ ನಿಮ್ಮ ಸಾಕ್ಷಿ. ಎಣ್ಣೆ, ಕೀಟನಾಶಕದಂಥವಕ್ಕೆ ಕಂದು ಗಾಜಿನ ಬಾಟಲಿ. ಲೋಹಗಳಿಗೆ ಪ್ಲಾಸ್ಟಿಕ್ ಬಾಟಲಿ, ಅದಕ್ಕೆ ಪಿಎಚ್ (ಆಮ್ಲ, ಕ್ಷಾರದ ಅಳತೆ; 7ಕ್ಕಿಂತ ಕಮ್ಮಿ ಅಂದರೆ ಆಮ್ಲ) 2ಕ್ಕಿಂತ ಇಳಿಯುವಷ್ಟು ನೈಟ್ರಿಕ್ ಆಮ್ಲ. ಆವಿಯಾಗುವ ದ್ರಾವಕಗಳಿಗೆ 40 ಮಿಲಿಲೀಟರಿನ ಪುಟ್ಟ ಸೀಸೆ, ಒಂದು ಗುಳ್ಳೆಯೂ ಇಲ್ಲದಂತೆ ಕಂಠಪೂರ್ತಿ ತುಂಬಬೇಕು. ಸಯನೈಡ್ ಇರಬಹುದು ಅಂತ ಅನುಮಾನ ಇದ್ದರೆ ಆಮ್ಲ ಹಾಕಲೇಬಾರದು, ಅದಕ್ಕೆ ಕ್ಷಾರ ಹಾಕಿ ಕಾಪಾಡುತ್ತಾರೆ. ಎಲ್ಲವನ್ನೂ ಮಂಜುಗಡ್ಡೆ ಪೆಟ್ಟಿಗೆಯಲ್ಲಿಡಿ. ಬಾಟಲಿ ಯಾರ ಕೈಯಿಂದ ಯಾರ ಕೈಗೆ, ಎಷ್ಟು ಗಂಟೆಗೆ ಹೋಯಿತು ಅಂತ ಸಹಿ ಸಮೇತ ಬರೆದಿಡಿ.

ವಿಷ ತಾಗದ ಮೇಲ್ಗಡೆಯ ಜಾಗದಿಂದಲೂ ಒಂದು ಮಾದರಿ ಇರಲಿ. ನಗರದ ಚರಂಡಿಯಲ್ಲಿ ಮೊದಲೇ ಸ್ವಲ್ಪ ಎಣ್ಣೆ, ಸತು, ಸೀಸ ಇದ್ದೇ ಇರುತ್ತದೆ. ಯಾವ ಮಟ್ಟಕ್ಕೆ ಇಳಿಸಿದರೆ ಸಾಕು ಅಂತ ತೀರ್ಮಾನಿಸಲು ಇದು ಬೇಕು.

ಹೊರಗೆ ತೆಗೆಯುವುದು

ಎಷ್ಟು ದ್ರವ ಇದೆ ಅಂತ ಮೊದಲು ಲೆಕ್ಕ ಹಾಕಿ. 600 ಮಿಲಿಮೀಟರ್ ಕೊಳವೆ 100 ಮೀಟರ್ ಉದ್ದಕ್ಕೆ ತುಂಬಿ ನಿಂತಿದ್ದರೆ ಅದರಲ್ಲಿ ಸುಮಾರು 28,000 ಲೀಟರ್ ಇರುತ್ತದೆ. ಚೆಲ್ಲಿದ್ದು ಒಂದೇ ಡ್ರಮ್ ಇರಬಹುದು, ಈಗ ಹೊರಬೇಕಾದ್ದು ಇಷ್ಟು. ಟ್ಯಾಂಕರ್‌ಗಳನ್ನು ಈ ಲೆಕ್ಕದಲ್ಲಿ ಕರೆಸಿ.

ಹೀರುವ ಟ್ಯಾಂಕರ್ ಈ ಕೆಲಸದ ಬೆನ್ನೆಲುಬು. ಆದರೆ ಪೆಟ್ರೋಲಿನಂಥ ಹೊತ್ತಿಕೊಳ್ಳುವ ದ್ರವವಾದರೆ ಮಾಮೂಲಿ ಟ್ಯಾಂಕರ್ ಬೇಡ. ದ್ರವ ಪೈಪಿನಲ್ಲಿ ಓಡುವಾಗ ಸ್ಥಾಯಿ ವಿದ್ಯುತ್ ಹುಟ್ಟುತ್ತದೆ. ಟ್ಯಾಂಕರಿಗೆ ಭೂಸಂಪರ್ಕ ಇರಬೇಕು, ಪೈಪು ವಿದ್ಯುತ್ ಹರಿಸುವ ಬಗೆಯದಾಗಿರಬೇಕು, ಪಂಪಿನಿಂದ ಹೊರಬರುವ ಆವಿಯನ್ನು ಜನರಿಂದ ದೂರ ಬಿಡಬೇಕು. ಒಳಗೆ ನೋಡಲು ಕ್ಯಾಮೆರಾ ಬಿಡುವುದಾದರೂ ಸ್ಫೋಟ ನಿರೋಧಕ ಕ್ಯಾಮೆರಾನೇ ಬೇಕು.

ತೇಲುವುದಾದರೆ ಮೇಲ್ಮೈಯಿಂದ ಹೀರಿ, ಉಳಿದ ತೆಳು ಪದರಕ್ಕೆ ಹೀರುಪಟ್ಟಿ ಬಳಸಿ. ಎಣ್ಣೆಯನ್ನು ಮಾತ್ರ ಹೀರಿ ನೀರನ್ನು ಬಿಡುವ ಪಟ್ಟಿಗಳು ಸಾಮಾನ್ಯವಾಗಿ ಬಿಳಿ ಬಣ್ಣದವು. ಮುಳುಗುವುದಾದರೆ ತಗ್ಗುಗಳನ್ನು ಗುರುತಿಸಿ ತಳದಿಂದ ನಿಧಾನವಾಗಿ ಹೀರಿ. ಕಲಕಿದರೆ ಕೆಟ್ಟಿರಿ.

ಆಮ್ಲ ಬಿದ್ದಾಗ ಅಡುಗೆ ಸೋಡಾ ಸುರಿಯೋಣ ಅಂತ ಎಲ್ಲರಿಗೂ ಹೊಳೆಯುತ್ತದೆ. ಲೆಕ್ಕ ನೋಡಿ. ಒಂದು ಕಿಲೋ ಗಟ್ಟಿ ಗಂಧಕಾಮ್ಲಕ್ಕೆ ಸುಮಾರು 1.7 ಕಿಲೋ ಅಡುಗೆ ಸೋಡಾ ಬೇಕು, ಆಗ ಸುಮಾರು 480 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ನೂರು ಕಿಲೋ ಆಮ್ಲವಾದರೆ 48,000 ಲೀಟರ್. ಗಾಳಿಗಿಂತ ಭಾರದ ಈ ಅನಿಲ ಮ್ಯಾನ್‌ಹೋಲಿನಲ್ಲಿ ತುಂಬಿಕೊಂಡರೆ ಉಸಿರಾಡಲು ಏನೂ ಉಳಿಯುವುದಿಲ್ಲ. ಮೇಲಾಗಿ ಚರಂಡಿಯ ಹಳೆಯ ಕಪ್ಪು ಹೂಳಿಗೆ ಆಮ್ಲ ತಾಗಿದರೆ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಸಯನೈಡ್ ಇದ್ದರೆ ಹೈಡ್ರೋಜನ್ ಸಯನೈಡ್. ಬ್ಲೀಚಿಂಗ್ ಪುಡಿಗೆ ತಾಗಿದರೆ ಕ್ಲೋರಿನ್. ಆದ್ದರಿಂದ ನನ್ನ ಸಲಹೆ: ರಸಾಯನಶಾಸ್ತ್ರದ ಪ್ರಯೋಗ ಕೊಳವೆಯೊಳಗೆ ಬೇಡ. ದ್ರವವನ್ನು ಹೊರಗೆ ತಂದು, ತೆರೆದ ಜಾಗದ ತೊಟ್ಟಿಯಲ್ಲಿ, ಪಿಎಚ್ ಮೀಟರ್ ನೋಡುತ್ತ, ಸ್ವಲ್ಪ ಸ್ವಲ್ಪವೇ ಹಾಕಿ 6ರಿಂದ 9ರ ನಡುವೆ ತನ್ನಿ. ಹಳದಿ ಕ್ರೋಮಿಯಂ ದ್ರಾವಣವನ್ನೂ ಹಾಗೇ. ಆಮ್ಲದ ಸ್ಥಿತಿಯಲ್ಲಿ ಸೋಡಿಯಂ ಬೈಸಲ್ಫೈಟಿನಂಥದ್ದನ್ನು ಹಾಕಿ ಅದರ ವಿಷ ತಗ್ಗಿಸುತ್ತಾರೆ, ಆಮೇಲೆ ಪಿಎಚ್ ಏರಿಸಿ ತಳಕ್ಕೆ ಇಳಿಸುತ್ತಾರೆ. ಇದು ಬಲ್ಲವರು ತೊಟ್ಟಿಯಲ್ಲಿ ಮಾಡುವ ಕೆಲಸ.

ಈಗ ತೊಳೆಯಬಹುದು

ಕೊನೆಗೂ ನೀರಿನ ಸರದಿ ಬಂತು. ಇಳಿಗಡೆಯ ಬಿರಡೆ ಬಿಗಿಯಾಗಿರಲಿ. ಕೆಲಸವನ್ನು ಮೇಲ್ಗಡೆಯ ಭಾಗದಿಂದ ಶುರುಮಾಡಿ ಒಂದೊಂದೇ ಮ್ಯಾನ್‌ಹೋಲ್ ದಾಟುತ್ತ ಕೆಳಗೆ ಬನ್ನಿ. ಉಲ್ಟಾ ಮಾಡಿದರೆ ತೊಳೆದ ಜಾಗಕ್ಕೇ ಮತ್ತೆ ಕೊಳೆ ಬರುತ್ತದೆ. ಆದರೆ ಪ್ರತಿ ಭಾಗದೊಳಗೆ ಜೆಟ್ಟಿಂಗ್ ಯಂತ್ರದ ಮೂತಿಯನ್ನು ಇಳಿಗಡೆಯ ಮ್ಯಾನ್‌ಹೋಲಿನಿಂದ ಮೇಲಕ್ಕೆ ಬಿಡಬೇಕು. ಅದರ ನೀರು ಹಿಂದಕ್ಕೆ ಚಿಮ್ಮುತ್ತದೆ. ಹಾಗಾಗಿ ಅದು ತಾನೇ ಮುಂದೆ ಸಾಗುತ್ತದೆ, ಎಳೆದುಕೊಳ್ಳುವಾಗ ಹೂಳನ್ನೆಲ್ಲ ನಿಮ್ಮ ಕಡೆಗೆ ತರುತ್ತದೆ. ಅಲ್ಲಿ ಹೀರುಪೈಪು ಕಾಯುತ್ತಿರಬೇಕು. ತೊಳೆದ ಒಂದು ಬಕೆಟ್ ನೀರೂ ಹೊರಗೆ ಹೋಗಬಾರದು.

ಜೆಟ್ಟಿಂಗ್ ಮಾಡುವಾಗ ಮ್ಯಾನ್‌ಹೋಲಿನಿಂದ ಮಂಜಿನಂಥ ತುಂತುರು ಏಳುತ್ತದೆ, ಅದರಲ್ಲೂ ವಿಷ ಇರುತ್ತದೆ. ಮುಖವಾಡ ತೆಗೆಯಬೇಡಿ. ಅಂಟು ಎಣ್ಣೆಗೆ ಬಿಸಿನೀರು ಒಳ್ಳೆಯದು. ಮೊದಲು ಬೇಡ ಅಂದಿದ್ದ ಸೋಪನ್ನು ಈಗ ಬಳಸಬಹುದು, ಯಾಕೆಂದರೆ ನೀರೆಲ್ಲ ಟ್ಯಾಂಕರಿಗೇ ಹೋಗುತ್ತಿದೆ.

ಕೆಲವು ಕೊಳವೆಗಳು ಎಷ್ಟು ತೊಳೆದರೂ ಒಪ್ಪುವುದಿಲ್ಲ. ಕಾಂಕ್ರೀಟು ಸ್ಪಂಜಿನ ಹಾಗೆ ಎಣ್ಣೆ, ದ್ರಾವಕಗಳನ್ನು ಕುಡಿದಿರುತ್ತದೆ, ವಾರಗಟ್ಟಲೆ ಅದನ್ನು ಸ್ವಲ್ಪ ಸ್ವಲ್ಪ ಬಿಡುತ್ತಿರುತ್ತದೆ. ಆಮ್ಲ ಬಿದ್ದಿದ್ದರೆ ಕಾಂಕ್ರೀಟೇ ತಿಂದುಹೋಗಿರಬಹುದು. ಆಗ ಒಳಪದರ ಹಾಕಿಸಬೇಕು, ಇಲ್ಲವೇ ಆ ತುಂಡನ್ನೇ ಬದಲಿಸಬೇಕು. ಒಳಪದರಕ್ಕೆ ಬಳಸುವ ಕೆಲವು ರಾಳಗಳಲ್ಲಿ ಸ್ಟೈರೀನ್ ಇರುತ್ತದೆ. ಅದನ್ನು ಗಟ್ಟಿಯಾಗಿಸಲು ಬಳಸಿದ ನೀರನ್ನು ಕೆರೆಗೆ ಬಿಟ್ಟರೆ ಒಂದು ವಿಷ ತೆಗೆದು ಇನ್ನೊಂದು ಹಾಕಿದ ಹಾಗೆ. ಬೆಂಕಿ ಆರಿಸುವ ನೊರೆಯ ಪಿಎಫ್‌ಎಎಸ್ ರಾಸಾಯನಿಕಗಳೂ ಹೀಗೇ ಹಟಮಾರಿ. ತೊಳೆದ ಮೇಲೂ ಗೋಡೆಯಿಂದ ಬಿಡುತ್ತಿರುತ್ತವೆ. ಆ ನೀರನ್ನು ಸಕ್ರಿಯ ಇದ್ದಿಲಿನ ಮೂಲಕ ಹಾಯಿಸಬೇಕಾಗುತ್ತದೆ.

ತೆಗೆದದ್ದನ್ನು ಎಲ್ಲಿಡುವುದು

ಹೂಳು, ದ್ರವ, ಹೀರುಪಟ್ಟಿ, ಬಳಸಿದ ಬಟ್ಟೆ ಮತ್ತು ಕೈಗವಸು ಎಲ್ಲವೂ ಅಪಾಯಕಾರಿ ಕಸವೇ. ಹೀರುಪಟ್ಟಿ ವಿಷವನ್ನು ಹಿಡಿದುಕೊಳ್ಳುತ್ತದೆ, ಕೊಲ್ಲುವುದಿಲ್ಲ. ಒಂದೊಂದು ಬಗೆಗೆ ಬೇರೆ ಬೇರೆ ಡ್ರಮ್ ಇರಲಿ. ಡ್ರಮ್ಮನ್ನು ಗಂಟಲತನಕ ತುಂಬಬೇಡಿ, ಬಿಸಿಲಿಗೆ ಉಬ್ಬಲು ಜಾಗ ಬೇಕು. ಹೆಸರು, ದಿನಾಂಕ ಬರೆದ ಚೀಟಿ ಅಂಟಿಸಿ. ಸುತ್ತ ಕಟ್ಟೆ ಇರುವ ಜಾಗದಲ್ಲಿ ಇಡಿ. ಅಲ್ಲಿರುವ ಅತಿ ದೊಡ್ಡ ಡ್ರಮ್ ಒಡೆದರೂ ಅದರ ಶೇ 110ರಷ್ಟು ಹಿಡಿಯುವಂತಿರಬೇಕು ಕಟ್ಟೆ. ಅನುಮತಿ ಇರುವ ವಿಲೇವಾರಿ ಘಟಕಕ್ಕೆ ಕಾಗದಪತ್ರ ಸಮೇತ ಕಳಿಸಿ, ತಲುಪಿದ ರಸೀದಿ ತರಿಸಿಕೊಳ್ಳಿ. ರಾತ್ರೋರಾತ್ರಿ ಖಾಲಿ ಸೈಟಿಗೆ ಸುರಿದು ಬರುವ ಟ್ಯಾಂಕರ್‌ಗಳನ್ನು ಎಲ್ಲರೂ ಕಂಡಿದ್ದೇವೆ, ಅಲ್ವಾ?

ಮುಗಿಯಿತು ಅನ್ನೋದು ಯಾವಾಗ?

ವಾಸನೆ ಹೋದಾಗ ಅಲ್ಲ. ಕೊನೆಯ ಸಲ ತೊಳೆದ ನೀರಿನ ಮಾದರಿ ಮತ್ತು ಉಳಿದ ಹೂಳಿನ ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು. ಮೇಲ್ಗಡೆಯ ಮಾದರಿಗೆ ಮತ್ತು ಅಧಿಕಾರಿಗಳು ಒಪ್ಪಿದ ಮಟ್ಟಕ್ಕೆ ಅದನ್ನು ಹೋಲಿಸಿ ನೋಡಬೇಕು. ವರದಿ ಸರಿ ಇದ್ದರೆ ಬಿರಡೆಯನ್ನು ನಿಧಾನವಾಗಿ ಬಿಡಿ. ಮೊದಲು ಹಿಂದೆ ನಿಂತ ನೀರನ್ನು ಪಂಪಿನಿಂದ ಇಳಿಸಿ, ಆಮೇಲೆ ಗಾಳಿ ತೆಗೆಯಿರಿ. ಒಂದೇ ಸಲ ಬಿಟ್ಟರೆ ಇಳಿಗಡೆಯ ಹಳೆಯ ಹೂಳೆಲ್ಲ ಎದ್ದು ಹೋಗುತ್ತದೆ.

ನಿಜವಾದ ಪರೀಕ್ಷೆ ಮಾಡುವುದು ಮಳೆ. ಮೊದಲ ಮಳೆಯ ಮೊದಲ ಅರ್ಧ ಗಂಟೆಯ ನೀರನ್ನು, ಚರಂಡಿ ಕೆರೆಗೋ ಹೊಳೆಗೋ ಸೇರುವ ಬಾಯಲ್ಲಿ ಹಿಡಿದು ಪರೀಕ್ಷಿಸಿ. ಇನ್ನೂ ಎರಡು ಮಳೆಗೆ ಹಾಗೇ ಮಾಡಿ. ಮಟ್ಟ ಮತ್ತೆ ಏರಿದರೆ ಕೊಳವೆಯ ಹೊರಗೆ ನೋಡಿ. ಕೊಳವೆಯನ್ನು ಮರಳು, ಜಲ್ಲಿಯ ಹಾಸಿನ ಮೇಲೆ ಕೂರಿಸಿರುತ್ತಾರೆ. ಜೋಡಣೆಯಿಂದ ಸೋರಿದ ವಿಷ ಆ ಹಾಸಿನಲ್ಲೇ ಇನ್ನೊಂದು ಚರಂಡಿಯ ಹಾಗೆ ಹರಿದು ಹೋಗಿರುತ್ತದೆ. ಸೀಳಿದ ಜೋಡಣೆಗಳ ಪಕ್ಕ ಮಣ್ಣು ಕೊರೆದು ಮಾದರಿ ತೆಗೆಯಬೇಕು.

ಚೆಲ್ಲಿದವರು ಯಾರು ಅಂತಲೇ ಗೊತ್ತಿಲ್ಲದಿದ್ದರೆ

ಬಹಳ ಸಲ ಟ್ಯಾಂಕರ್ ಉರುಳಿರುವುದಿಲ್ಲ. ಚರಂಡಿಯ ಬಾಯಲ್ಲಿ ಮೀನು ಸಾಯುತ್ತಿರುತ್ತವೆ, ಮೇಲೆ ಎಲ್ಲೋ ಯಾರೋ ದಿನವೂ ಸ್ವಲ್ಪ ಸ್ವಲ್ಪ ಬಿಡುತ್ತಿರುತ್ತಾರೆ. ಆಗ ಬಾಯಿಂದ ಶುರುಮಾಡಿ ಮೇಲಕ್ಕೆ ನಡೆಯಿರಿ. ಎರಡು ಕವಲು ಕೂಡುವ ಪ್ರತಿ ಮ್ಯಾನ್‌ಹೋಲಿನಲ್ಲಿ ಎರಡೂ ಕಡೆಯ ನೀರಿನ ಪಿಎಚ್, ವಿದ್ಯುತ್ ವಾಹಕತೆ, ಬಣ್ಣ ನೋಡಿ. ಕೆಟ್ಟಿರುವ ಕವಲನ್ನು ಹಿಡಿದು ಮುಂದೆ ಹೋಗಿ. ಮಳೆ ಇಲ್ಲದ ದಿನ ನೀರು ಹರಿಯುತ್ತಿರುವ ಕವಲು ಕಂಡರೆ ಅದೇ ಮೊದಲ ಅನುಮಾನ. ಅಂಗಡಿ, ಗ್ಯಾರೇಜು, ಕಾರ್ಖಾನೆಗಳ ಬಚ್ಚಲಿಗೆ ಹಸಿರು ಫ್ಲೋರೆಸಿನ್ ಬಣ್ಣ ಹಾಕಿದರೆ ಯಾರದ್ದು ಮಳೆನೀರು ಚರಂಡಿಗೆ ಸೇರಿದೆ ಅಂತ ಕಣ್ಣಿಗೇ ಕಾಣುತ್ತದೆ. ರಾತ್ರಿ ಹೊತ್ತು ಬಿಡುವವರಿಗೆ ತಾನೇ ಮಾದರಿ ಹಿಡಿಯುವ ಯಂತ್ರ ಇಡಬೇಕು.

ನೀರಿನಲ್ಲಿ ಸಿಗದದ್ದು ಹೂಳಿನಲ್ಲಿ ಸಿಗುತ್ತದೆ. ಅಮೆರಿಕದ ಸಿಯಾಟಲ್‌ನ ಡುವಾಮಿಶ್ ನದಿಯ ಕೆಳಭಾಗವನ್ನು 2001ರಲ್ಲಿ ಅಲ್ಲಿನ ಸರ್ಕಾರ ಅತಿ ಕಲುಷಿತ ಜಾಗಗಳ ಪಟ್ಟಿಗೆ ಸೇರಿಸಿತು. ನದಿಯ ತಳ ಶುದ್ಧ ಮಾಡಿದರೂ ಚರಂಡಿಗಳಿಂದ ಪಿಸಿಬಿ ಎಂಬ ವಿಷಕಾರಿ ಕೈಗಾರಿಕಾ ರಾಸಾಯನಿಕ ಬರುತ್ತಲೇ ಇದ್ದರೆ ಏನು ಪ್ರಯೋಜನ? ಅದಕ್ಕೇ ಚರಂಡಿಗಳೊಳಗೆ ಹೂಳು ಹಿಡಿಯುವ ಬಾಟಲಿಗಳನ್ನು ಕೂರಿಸಿ, ಕವಲು ಕವಲಾಗಿ ಮೂಲ ಹುಡುಕಿದರು. ಎಷ್ಟೋ ಕಡೆ ಸಿಕ್ಕಿದ್ದು ಕಳ್ಳ ಪೈಪಲ್ಲ, ಹಳೆಯ ಕಟ್ಟಡಗಳ ಬಣ್ಣ ಮತ್ತು ಸಂದುಗಳಿಗೆ ತುಂಬಿದ ಅಂಟು. ಪ್ರತಿ ಮಳೆಗೂ ಅವುಗಳ ಚೂರು ಉದುರಿ ಚರಂಡಿಗೆ ಬರುತ್ತಿತ್ತು.

ಮೂಲ ಸಿಕ್ಕ ಮೇಲೆ ಆ ಜೋಡಣೆಯನ್ನು ಸಿಮೆಂಟಿನಿಂದ ಮುಚ್ಚಿಸಿ, ಫೋಟೊ ತೆಗೆದಿಡಿ. ಆಮೇಲೆ ಆ ಕವಲನ್ನು ಮೇಲೆ ಹೇಳಿದ ಹಾಗೆ ಮೇಲಿನಿಂದ ಕೆಳಗೆ ತೊಳೆಸಿ. ಮೂರು ತಿಂಗಳು ಬಿಟ್ಟು ಅದೇ ಮ್ಯಾನ್‌ಹೋಲಿನ ಹೂಳನ್ನು ಇನ್ನೊಮ್ಮೆ ಪರೀಕ್ಷೆಗೆ ಕಳಿಸಿ. ಮುಚ್ಚಿಸಿದ ಪೈಪಿನ ಪಕ್ಕದಲ್ಲೇ ಹೊಸದೊಂದು ತೂತು ಬಿದ್ದಿದೆಯಾ ಅಂತ ಅವತ್ತೇ ಟಾರ್ಚು ಬಿಟ್ಟು ನೋಡಿಬಿಡಿ.